ಆ ಚೆಕ್ಕನ್ನು ಬ್ಯಾಂಕಿಗೆ ಹಾಕಬೇಡಿ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಗಾಯಗೊಂಡ ಹುಡುಗರ ವಿಮೆ ತಕರಾರುಗಳ ಬಗ್ಗೆ ಬಂದ ಪ್ರಶ್ನೆಗಳಿವು. ಡ್ರಾಫ್ಟ್ ಎಂದರೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವುದು; ಸುತ್ತು ಕೆಳಗಿಳಿದಷ್ಟೂ ಒಪ್ಪಂದದ ಹಣ ಕಡಿಮೆ. ಎಸಿಎಲ್ ಎಂದರೆ ಮೊಣಕಾಲಿನೊಳಗಿನ ಒಂದು ಅಸ್ಥಿರಜ್ಜು. ಮೊದಲ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ತಂಗಿಯ ಮಗ ಕ್ಯಾಲಿಫೋರ್ನಿಯಾದ ಕಾಲೇಜೊಂದರಲ್ಲಿ ಕಾರ್ನರ್‌ಬ್ಯಾಕ್ (ರಕ್ಷಣಾ ಸಾಲಿನ ಹಿಂದೆ ನಿಂತು ಎದುರಾಳಿಯ ಪಾಸ್ ತಡೆಯುವವನು) ಆಗಿದ್ದ. ಡ್ರಾಫ್ಟಿನ ಎರಡನೇ ಸುತ್ತಿನಲ್ಲಿ ಹೋಗುತ್ತಾನೆ ಎಂದಿದ್ದರು. ಎಡ ಮೊಣಕಾಲಿನ ಎಸಿಎಲ್ ಹರಿದು ಆರನೇ ಸುತ್ತಿಗೆ ಇಳಿದ. ಗಾಯದಿಂದ ಆಟಗಾರನ ಮೌಲ್ಯ ಕುಸಿದರೆ ಹಣ ಕೊಡುವ ‘ಲಾಸ್ ಆಫ್ ವ್ಯಾಲ್ಯೂ’ ವಿಮೆ 20 ಲಕ್ಷ ಡಾಲರಿಗೆ ಇತ್ತು. ಹಳೆಯ ಗಾಯವನ್ನು ಅರ್ಜಿಯಲ್ಲಿ ಮುಚ್ಚಿಟ್ಟಿದ್ದಾನೆ ಎಂದು ಕಂಪನಿಯವರು ಪಾಲಿಸಿಯನ್ನೇ ರದ್ದು ಮಾಡಿ, ಕಟ್ಟಿದ್ದ ಪ್ರೀಮಿಯಂ ಹಣಕ್ಕೆ ಚೆಕ್ ಕಳಿಸಿದ್ದಾರೆ. ಅಷ್ಟಾದರೂ ಬರಲಿ ಎಂದು ಹಾಕಿಕೊಳ್ಳಬಹುದೇ?

ಬೇಡ. ಹಾಕಿದರೆ ರದ್ದತಿಗೆ ನೀವೂ ಒಪ್ಪಿದಿರಿ ಎಂದು ವಾದಿಸಲು ಅವರಿಗೆ ಆಧಾರ ಸಿಗುತ್ತದೆ. ವಕೀಲರಿಗೆ ತೋರಿಸಿ, ‘ರದ್ದತಿಗೆ ನನ್ನ ಒಪ್ಪಿಗೆ ಇಲ್ಲ’ ಎಂಬ ಪತ್ರದೊಂದಿಗೆ ಸರ್ಟಿಫೈಡ್ ಮೇಲ್‌ನಲ್ಲಿ ವಾಪಸ್ ಕಳಿಸಿ. ಅದೇ ಪತ್ರದಲ್ಲಿ ನಾಲ್ಕು ದಾಖಲೆ ಕೇಳಿ: ಎಲ್ಲ ತಿದ್ದುಪಡಿಗಳೂ ಇರುವ ಪೂರ್ತಿ ಪಾಲಿಸಿ, ಸಹಿ ಮಾಡಿದ ಅರ್ಜಿಯ ಪ್ರತಿ, ಕ್ಲೇಮಿನ ಕಡತ, ಮತ್ತು ಪಾಲಿಸಿ ಕೊಡುವ ಮೊದಲು ಅಪಾಯ ಎಷ್ಟೆಂದು ಅಳೆದು ಅವರು ತಯಾರಿಸಿದ ಅಂಡರ್‌ರೈಟಿಂಗ್ ಕಡತ. ಕೊನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ. ನಿಮ್ಮ ಕೇಸು ನಿಲ್ಲುವುದು ಬಹುಪಾಲು ಅದರ ಮೇಲೆಯೇ.

ಕ್ಲೇಮು ತಿರಸ್ಕರಿಸುವುದು ಬೇರೆ, ಪಾಲಿಸಿ ರದ್ದು ಮಾಡುವುದು ಬೇರೆ. ರದ್ದು ಎಂದರೆ ಪಾಲಿಸಿ ಯಾವತ್ತೂ ಇರಲೇ ಇಲ್ಲ ಎಂದು ಹೇಳಿದ ಹಾಗೆ. ಕ್ಯಾಲಿಫೋರ್ನಿಯಾ ವಿಮಾ ಸಂಹಿತೆಯ 331ನೇ ಸೆಕ್ಷನ್ ಪ್ರಕಾರ ಮುಖ್ಯ ಸಂಗತಿಯೊಂದನ್ನು ಹೇಳದೆ ಬಿಟ್ಟರೆ, ಬೇಕೆಂದೇ ಬಿಟ್ಟಿರಲಿ, ಉದ್ದೇಶವಿಲ್ಲದೆ ಬಿಟ್ಟಿರಲಿ, ಕಂಪನಿ ಪಾಲಿಸಿ ರದ್ದು ಮಾಡಬಹುದು. ಆದ್ದರಿಂದ ‘ಹುಡುಗನಿಗೆ ನೆನಪಿರಲಿಲ್ಲ’ ಎಂಬ ಒಂದೇ ಉತ್ತರ ಸಾಲದು. ‘ಹಳೆಯ ಗಾಯ ಬಲ ಮೊಣಕಾಲಿಗೆ, ಈಗ ಹೋಗಿರುವುದು ಎಡದ್ದು’ ಎಂಬ ವಾದವನ್ನೂ ಒಬ್ಬರಲ್ಲ ಒಬ್ಬರು ಬರೆದು ಕಳಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ಮುಚ್ಚಿಟ್ಟ ಸಂಗತಿಗೂ ಆದ ನಷ್ಟಕ್ಕೂ ಸಂಬಂಧ ಇರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಅದು ಗೊತ್ತಿದ್ದರೆ ಕಂಪನಿ ಬೇರೆ ಷರತ್ತು ಹಾಕುತ್ತಿತ್ತೇ, ಹೆಚ್ಚು ಪ್ರೀಮಿಯಂ ಕೇಳುತ್ತಿತ್ತೇ ಎಂಬುದನ್ನು ನೋಡುತ್ತಾರೆ.

ಹಾಗಾದರೆ ಎಲ್ಲಿ ಹಿಡಿಯಬೇಕು? ಮೊದಲು ಅರ್ಜಿಯ ಪ್ರಶ್ನೆಯನ್ನು ಪದ ಪದ ಓದಿ. ‘ಪಂದ್ಯ ತಪ್ಪಿಸಿಕೊಳ್ಳುವಂಥ ಗಾಯ ಆಗಿತ್ತೇ?’ ಎಂದು ಕೇಳಿದ್ದರೆ, ಬರೀ ಐಸ್ ಇಟ್ಟು ಟೇಪ್ ಸುತ್ತಿದ ಮಂಡಿ ನೋವು ಅದಕ್ಕೆ ಉತ್ತರವಲ್ಲ. ‘ಐದು ವರ್ಷಗಳಲ್ಲಿ ಯಾವುದೇ ಚಿಕಿತ್ಸೆ?’ ಎಂದು ಕೇಳಿದ್ದರೆ ಕಷ್ಟ. ಕಾಲೇಜಿನ ಟ್ರೈನಿಂಗ್ ರೂಮಿನಲ್ಲಿ ದಿನವೂ ಬರೆಯುತ್ತಾರೆ: ಐಸ್, 15 ನಿಮಿಷ, ಅಲ್ಟ್ರಾಸೌಂಡ್, ಟೇಪ್. ಹುಡುಗನಿಗೆ ಅದು ಅಭ್ಯಾಸದ ಒಂದು ಭಾಗ, ಕಂಪನಿಯ ವಕೀಲನಿಗೆ ಅದೇ ‘ಚಿಕಿತ್ಸೆ’. ಪ್ರಶ್ನೆಗೆ ಎರಡು ಅರ್ಥ ಬರುವಂತಿದ್ದರೆ, ಬರೆದವರ ವಿರುದ್ಧವಾಗಿ ಅರ್ಥ ಮಾಡುವುದು ಕೋರ್ಟುಗಳ ರೂಢಿ.

ಎರಡನೆಯದು ಅಂಡರ್‌ರೈಟಿಂಗ್ ಕಡತ. ಇಂಥ ಪಾಲಿಸಿ ಕೊಡುವ ಮುಂಚೆ ವೈದ್ಯಕೀಯ ದಾಖಲೆ ತರಿಸಿಕೊಳ್ಳಲು ಹುಡುಗನಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹಳೆಯ ಗಾಯದ ಸುಳಿವು ಕೊಡುವ ಒಂದು ಹಾಳೆ ಆಗಲೇ ಅವರ ಕೈಲಿದ್ದು, ಮುಂದೆ ವಿಚಾರಿಸದೆ ಪ್ರೀಮಿಯಂ ತೆಗೆದುಕೊಂಡಿದ್ದರೆ, ಅದೇ ಸಂಹಿತೆಯ 336ನೇ ಸೆಕ್ಷನ್ ನಿಮ್ಮ ಕಡೆಗಿದೆ: ವಿಚಾರಿಸಬೇಕಾದಲ್ಲಿ ವಿಚಾರಿಸದವರು ಆ ಹಕ್ಕನ್ನು ಬಿಟ್ಟುಕೊಟ್ಟಂತೆ. ಮೂರನೆಯದು, ಅರ್ಜಿ ತುಂಬಿದ್ದು ಯಾರು ಎಂಬುದು. ಬ್ರೋಕರ್ ತುಂಬಿ, ಹುಡುಗ ಓದದೆ ಸಹಿ ಮಾಡಿದ್ದರೆ, ಮತ್ತು ಗಾಯದ ವಿಷಯ ಬ್ರೋಕರ್‌ಗೆ ಹೇಳಿದ್ದಕ್ಕೆ ಇಮೇಲ್ ಅಥವಾ ಮೆಸೇಜು ಇದ್ದರೆ, ಬ್ರೋಕರ್ ಮೇಲೂ ದಾವೆ ಹೂಡಬಹುದು. ಆ ಫೋನನ್ನು ಬದಲಾಯಿಸಬೇಡಿ, ಮೆಸೇಜು ಅಳಿಸಬೇಡಿ.

ಟ್ರೈನಿಂಗ್ ರೂಮಿನ ದಾಖಲೆಗಳನ್ನು ನೀವೂ ತರಿಸಿಕೊಳ್ಳಬೇಕು. ಇಲ್ಲಿ ತಾಯಂದಿರು ಎಡವುತ್ತಾರೆ. ಹುಡುಗನಿಗೆ 18 ತುಂಬಿದ ಮೇಲೆ ಹಕ್ಕು ಅವನದು, ಸಹಿಯೂ ಅವನದೇ ಬೇಕು. ಈ ದಾಖಲೆಗಳು ಸಾಮಾನ್ಯವಾಗಿ ವೈದ್ಯಕೀಯ ಮಾಹಿತಿಯ ಗೌಪ್ಯತೆಯ ಹಿಪಾ ಕಾನೂನಿನ ಕೆಳಗೆ ಬರುವುದಿಲ್ಲ, ವಿದ್ಯಾರ್ಥಿಗಳ ದಾಖಲೆಗಳ ಕಾನೂನಾದ ಫರ್ಪಾ ಕೆಳಗೆ ಬರುತ್ತವೆ. ಶಿಕ್ಷಣ ದಾಖಲೆಗಳನ್ನು ತೋರಿಸಲು ಕಾಲೇಜಿಗೆ 45 ದಿನ ಸಮಯವಿದೆ. ಚಿಕಿತ್ಸೆಯ ದಾಖಲೆಯನ್ನು ನೇರವಾಗಿ ಕೊಡಲು ತಕರಾರು ಮಾಡಿದರೆ, ಹುಡುಗ ಆರಿಸಿದ ವೈದ್ಯರ ಹೆಸರು ಬರೆದು ಅವರ ಮೂಲಕ ಕೇಳಿ.

ಈ ಜಗಳ ಹೊಸದೇನಲ್ಲ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಸೀವರ್ ಮಾರ್ಕೀಸ್ ಲೀ 2013ರಲ್ಲಿ ಮೊಣಕಾಲು ನೋವು ಮಾಡಿಕೊಂಡು, 2014ರ ಡ್ರಾಫ್ಟಿನಲ್ಲಿ ಎರಡನೇ ಸುತ್ತಿಗೆ, 39ನೇ ಸ್ಥಾನಕ್ಕೆ ಇಳಿದ. 45 ಲಕ್ಷ ಡಾಲರಿನ ಪಾಲಿಸಿಯ ಹಣ ಬಾರದೆ ಲಂಡನ್ನಿನ ಲಾಯ್ಡ್ಸ್ ವಿರುದ್ಧ ಕೋರ್ಟಿಗೆ ಹೋದ. ಆರೋಗ್ಯದ ಮಾಹಿತಿ ಸರಿಯಾಗಿ ಕೊಟ್ಟಿಲ್ಲ ಎಂಬುದು ಅಲ್ಲೂ ವಿಮೆಯವರ ವಾದವಾಗಿತ್ತು.

ರದ್ದತಿಯನ್ನು ಗೆದ್ದ ಮಾತ್ರಕ್ಕೆ ಹಣ ಬರುವುದಿಲ್ಲ. ಮೌಲ್ಯ ಕುಸಿದದ್ದು ಗಾಯದಿಂದಲೇ, ಬೇರೆ ಕಾರಣದಿಂದಲ್ಲ ಎಂದು ತೋರಿಸಬೇಕು. ಎತ್ತರ ಕಡಿಮೆ, 40 ಗಜದ ಓಟ ನಿಧಾನ, ಆ ವರ್ಷ ಎದುರಾಳಿಯ ಪಾಸ್ ಒಂದನ್ನೂ ಹಿಡಿದಿರಲಿಲ್ಲ ಎಂದೆಲ್ಲ ಅವರು ತೆಗೆಯುತ್ತಾರೆ. ನಿಮ್ಮ ಬಳಿ ಗಾಯಕ್ಕೆ ಮುಂಚಿನ ಲಿಖಿತ ಅಂದಾಜು ಇರಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿಯದೇ: ಇವನು ಇಂಥ ಸುತ್ತಿನವನು ಎಂದು ಒಪ್ಪಿಯೇ ಅಷ್ಟು ಮೊತ್ತದ ಪಾಲಿಸಿ ಕೊಟ್ಟಿರುತ್ತಾರೆ, ಅದೂ ಅಂಡರ್‌ರೈಟಿಂಗ್ ಕಡತದಲ್ಲೇ ಇರುತ್ತದೆ. ಅದರ ಜೊತೆಗೆ ಡ್ರಾಫ್ಟಿಗೆ ಮುಂಚೆ ಎನ್‌ಎಫ್‌ಎಲ್ ಆಟಗಾರರನ್ನು ಪರೀಕ್ಷಿಸುವ ಇಂಡಿಯಾನಾಪೊಲಿಸ್ ಕಂಬೈನಿನ ವೈದ್ಯಕೀಯ ತಪಾಸಣೆ, ಏಪ್ರಿಲ್‌ನ ಮರುತಪಾಸಣೆಯ ವರದಿಗಳನ್ನೂ ಇಟ್ಟುಕೊಳ್ಳಿ. ಆರೆಗನ್‌ನ ಇಫೋ ಎಕ್‌ಪ್ರೆ-ಒಲೊಮು 2014ರ ಡಿಸೆಂಬರಿನಲ್ಲಿ ಮೊಣಕಾಲಿಗೆ ಗಾಯ ಮಾಡಿಕೊಂಡು ಏಳನೇ ಸುತ್ತಿಗೆ ಇಳಿದಾಗ 30 ಲಕ್ಷ ಡಾಲರ್ ಸಿಕ್ಕಿತು. ಮುಂಚಿನ ಅಂದಾಜು, ಗಾಯ, ಕುಸಿತ, ಮೂರೂ ಎದ್ದು ಕಾಣುತ್ತಿದ್ದವು.

ಮೊತ್ತದ ಲೆಕ್ಕ ಪಾಲಿಸಿಯಲ್ಲಿ ಹೇಗಿದೆಯೋ ಹಾಗೆ. ಕೆಲವದರಲ್ಲಿ ಒಪ್ಪಂದದ ಹಣ ಒಂದು ಗೆರೆಗಿಂತ ಎಷ್ಟು ಕೆಳಗಿಳಿಯಿತೋ ಅಷ್ಟು. ಇನ್ನು ಕೆಲವದರಲ್ಲಿ ಡ್ರಾಫ್ಟಿನ ಸ್ಥಾನಕ್ಕೆ ಇಷ್ಟು ಎಂದು. ಮಿಷಿಗನ್‌ನ ಜೇಕ್ ಬಟ್ 2017ರಲ್ಲಿ ಐದನೇ ಸುತ್ತಿನ 145ನೇ ಸ್ಥಾನಕ್ಕೆ ಇಳಿದಾಗ ಸಿಕ್ಕಿದ್ದು 5,43,000 ಡಾಲರ್. ಮೂರನೇ ಸುತ್ತಿನ ನಡುವಿನಿಂದ ಕೆಳಗೆ ಪ್ರತಿ ಸ್ಥಾನಕ್ಕೆ 10,000 ಎಂಬ ಷರತ್ತಿತ್ತು. 20 ಲಕ್ಷ ಎಂಬುದು ಗರಿಷ್ಠ ಮಿತಿ. ಅಷ್ಟೂ ಬರುತ್ತದೆಂದು ಈಗಲೇ ಸಾಲ ಮಾಡಬೇಡಿ.

ಕೊನೆಗೆ ಗಡುವು. ಪೂರ್ತಿ ದಾಖಲೆ ಕೈಸೇರಿದ 40 ದಿನಗಳೊಳಗೆ ಕಂಪನಿ ಕ್ಲೇಮು ಒಪ್ಪಬೇಕು ಅಥವಾ ನಿರಾಕರಿಸಬೇಕು ಎಂದು ಕ್ಯಾಲಿಫೋರ್ನಿಯಾದ ನಿಯಮ. ನೀವು ದಾವೆ ಹೂಡುವ ಗಡುವು ಪಾಲಿಸಿಯೊಳಗೇ ಬರೆದಿರಬಹುದು, ಇವತ್ತೇ ಹುಡುಕಿ. ‘ನಮ್ಮ ಹುಡುಗನ ಏಜೆಂಟ್ ಮಾತಾಡಿ ಸರಿಮಾಡುತ್ತಾನೆ’ ಎಂದು ಕಾಯುತ್ತ ವರ್ಷ ಕಳೆದವರ ಕಾಗದ ಓದಿದರೆ ಹೊಟ್ಟೆ ಉರಿಯುತ್ತದೆ. ಏಜೆಂಟ್ ಕೆಲಸ ಒಪ್ಪಂದ ಕುದುರಿಸುವುದು. ನಿಮಗೆ ಬೇಕಿರುವುದು ವಿಮೆ ಕಂಪನಿಗಳ ವಿರುದ್ಧ ಕೇಸು ನಡೆಸುವ ವಕೀಲರು. ಅವರಿಲ್ಲದೆ ಹುಡುಗ ಯಾರ ಮುಂದೆಯೂ ಹೇಳಿಕೆ ರೆಕಾರ್ಡ್ ಮಾಡಿಸಬಾರದು.

ಪ್ರಶ್ನೆ: ಆಡಲು ಆಗುವುದೇ ಇಲ್ಲ ಎಂದರೆ ಕೊಡುವ ‘ಪೂರ್ಣ ಶಾಶ್ವತ ಅಂಗವೈಕಲ್ಯ’ ಪಾಲಿಸಿ ಇದೆ. ಹುಡುಗ ಚೇತರಿಸಿಕೊಂಡು ಆಡಿದರೂ ಸ್ವಲ್ಪ ಹಣ ಬರುತ್ತದಲ್ಲವೇ?

ಬರುವುದಿಲ್ಲ. ಮಯಾಮಿಯ ವಿಲಿಸ್ ಮಗೇಹೀ 2003ರ ಫಿಯೆಸ್ಟಾ ಬೌಲ್‌ಗೆ ತುಸು ಮುಂಚೆ 25 ಲಕ್ಷ ಡಾಲರಿಗೆ ವಿಮೆ ಮಾಡಿಸಿದ್ದ, ಆ ಪಂದ್ಯದಲ್ಲೇ ಮೊಣಕಾಲು ಹೋಯಿತು. ಆದರೆ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿ ಮುಂದೆ ಆಡಿದ, ವಿಮೆಯ ಹಣ ಬರಲಿಲ್ಲ. ಈ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 12 ತಿಂಗಳ ಕಾಯುವ ಅವಧಿ ಇರುತ್ತದೆ. ಅಷ್ಟರಲ್ಲಿ ತಂಡವೊಂದರ ಅಭ್ಯಾಸಕ್ಕೆ ಇಳಿಯುವ ಮೊದಲು ವಕೀಲರನ್ನು ಕೇಳಿ.

ಪ್ರಶ್ನೆ: ಆಪರೇಷನ್ ಬೇಡ, ಊರಿಗೆ ಕರೆದುಕೊಂಡು ಹೋಗಿ ಪುತ್ತೂರು ಕಟ್ಟು ಹಾಕಿಸೋಣ ಎನ್ನುತ್ತಾರೆ ಮನೆಯವರು.

ದಯವಿಟ್ಟು ಬೇಡ. ಹರಿದ ಎಸಿಎಲ್ ಕಟ್ಟು ಹಾಕಿದರೆ ಕೂಡುವುದಿಲ್ಲ. ಅದಲ್ಲದೆ ಪರವಾನಗಿ ಇರುವ ವೈದ್ಯರ ಚಿಕಿತ್ಸೆಯಲ್ಲಿ ಇರಬೇಕು ಎಂಬ ಷರತ್ತು ಸಾಮಾನ್ಯ. ಫಿಸಿಯೊ ದಾಖಲೆಯಲ್ಲಿ ಆರು ವಾರದ ಖಾಲಿ ಜಾಗ ಕಂಡರೆ ‘ಚಿಕಿತ್ಸೆ ಬಿಟ್ಟಿದ್ದರಿಂದ ವಾಸಿಯಾಗಲಿಲ್ಲ’ ಎಂದು ಕಂಪನಿ ಬರೆಯುತ್ತದೆ. ಎರಡು ವಾರದಲ್ಲಿ ಹೊಸ ಮಂಡಿ ಎನ್ನುವ ಸ್ಟೆಮ್ ಸೆಲ್ ಅಂಗಡಿಗಳಿಗೂ ಇದೇ ಉತ್ತರ.

ಪ್ರಶ್ನೆ: ಕಾರ್ಮಿಕ ಪರಿಹಾರ ಕೇಳಬಹುದೇ?

ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ (ಟಿಸಿಯು) ಆಟಗಾರ ಕೆಂಟ್ ವಾಲ್ಡ್ರೆಪ್ 1974ರಲ್ಲಿ ಅಲಬಾಮಾ ವಿರುದ್ಧದ ಪಂದ್ಯದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ದೇಹದ ಸ್ವಾಧೀನ ಕಳೆದುಕೊಂಡ. 1993ರಲ್ಲಿ ಸಿಕ್ಕ ಪರಿಹಾರದ ತೀರ್ಪು ಮೇಲ್ಮನವಿಯಲ್ಲಿ ನಿಲ್ಲಲಿಲ್ಲ. ಅವನು ಉದ್ಯೋಗಿ ಅಲ್ಲ ಎಂಬುದನ್ನೇ 2000ದಲ್ಲಿ ಟೆಕ್ಸಸ್ ಕೋರ್ಟ್ ಎತ್ತಿಹಿಡಿಯಿತು. ಇದನ್ನು ನೆಚ್ಚಿಕೊಂಡು ಕೂರಬೇಡಿ.

ಪ್ರಶ್ನೆ: ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ವಿಮೆ ಇದೆಯಲ್ಲ, ಬೇರೆ ಯಾಕೆ?

ಅದರ ಮಹಾಗಾಯ ವಿಮೆ ಚಿಕಿತ್ಸೆ, ಆರೈಕೆಗಳ ದೊಡ್ಡ ಖರ್ಚಿಗೆ. ಕೈತಪ್ಪಿದ ಎನ್‌ಎಫ್‌ಎಲ್ ಒಪ್ಪಂದಕ್ಕಲ್ಲ.

ಪ್ರಶ್ನೆ: ಗಾಯವಾದ ಮೇಲೆ ಪಾಲಿಸಿ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ.

ಆ ಗಾಯಕ್ಕೆ ಸಿಗುವುದಿಲ್ಲ. ಅವರಿಗೆ ಒಂದು ಡಾಲರೂ ಕೊಡಬೇಡಿ, ರಾಜ್ಯದ ವಿಮಾ ಇಲಾಖೆಯಲ್ಲಿ ಅವರ ಪರವಾನಗಿ ಪರಿಶೀಲಿಸಿ ದೂರು ಕೊಡಿ.