ಸಹಿ ಬೀಳದ ಒಪ್ಪಿಗೆ ಪತ್ರ

ಒಳಗೆ ಬಂದವರು ಕೂರುವ ಮೊದಲೇ ಕೇಳಿದ್ದು, "ಟಾಯ್ಲೆಟ್ ಎಲ್ಲಿದೆ?" ಆಮೇಲೆ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತರು. ಐವತ್ತು ದಾಟಿದ ಶಿಕ್ಷಕಿ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಪಾಠದ ಮಧ್ಯೆ ಎದ್ದು ಓಡಬೇಕಾಗುತ್ತದೆಂದು ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ತುಟಿ ಒಡೆದಿತ್ತು. ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ.

ಮೂತ್ರ ತಡೆದು ಅಭ್ಯಾಸ ಮಾಡುವುದು, ಮಾತ್ರೆ, ಎಲ್ಲ ಆಗಿತ್ತು. ಬಾಯಿ ಒಣಗಿ, ಮಲಬದ್ಧತೆ ಜಾಸ್ತಿಯಾಗಿ ಮಾತ್ರೆ ಬಿಟ್ಟಿದ್ದರು. ಡಾಕ್ಟರು ಮೂತ್ರಕೋಶಕ್ಕೆ ಬೋಟಾಕ್ಸ್ ಇಂಜೆಕ್ಷನ್ ಹೇಳಿದ್ದರು. ಒಪ್ಪಿಗೆ ಪತ್ರ ಮಡಚಿ ಮಡಚಿ ಸವೆದಿತ್ತು, ಸಹಿ ಬಿದ್ದಿರಲಿಲ್ಲ.

"ಮುಖದ ಸುಕ್ಕಿಗೆ ಹಾಕೋದಲ್ವಾ ಅದು?"

ಹೌದು, ಅದೇ ಔಷಧ. ಮೂತ್ರಕೋಶದ ಸ್ನಾಯುವಿಗೆ ನರ ಕೊಡುವ 'ಹಿಂಡು' ಎಂಬ ಸೂಚನೆಯನ್ನು ತಡೆಯುತ್ತದೆ. ಮೂತ್ರದ ದಾರಿಯಲ್ಲಿ ಸಣ್ಣ ದುರ್ಬೀನು ಹಾಕಿ, ಸಾಮಾನ್ಯವಾಗಿ 100 ಯೂನಿಟ್ ಔಷಧವನ್ನು ಸುಮಾರು 20 ಕಡೆ ಚುಚ್ಚುತ್ತಾರೆ. ಬೆಚ್ಚಿ ಬೀಳುತ್ತಾರೆ ಅಂದುಕೊಂಡೆ. ಅವರು ಅಲುಗಲಿಲ್ಲ.

"ನೋವು ತಡ್ಕೋತೀನಿ ಮೇಡಂ. ಆ ಪೈಪ್ ಇದೆಯಲ್ಲ..."

ಅವರ ತಾಯಿ ಕೊನೆಗಾಲದಲ್ಲಿ ಮೂತ್ರದ ಚೀಲದೊಂದಿಗೆ ಮಲಗಿದ್ದರಂತೆ. ಅದನ್ನು ಖಾಲಿ ಮಾಡುತ್ತಿದ್ದವರು ಇವರೇ. ನಾನೋ, ಅಷ್ಟು ಹೊತ್ತೂ ಸುಮ್ನೆ ಸೂಜಿಯ ಬಗ್ಗೆ ಮಾತಾಡಿದ್ದೆ.

ಇಂಜೆಕ್ಷನ್ ಆದ ಮೇಲೆ ಕೆಲವರಿಗೆ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಆಗ ದಿನಕ್ಕೆ ಕೆಲವು ಸಲ ಕ್ಯಾಥೆಟರ್ ಎಂಬ ತೆಳು ಪೈಪನ್ನು ಮೂತ್ರದ ದಾರಿಯಲ್ಲಿ ತಾವೇ ಹಾಕಿ, ಖಾಲಿ ಮಾಡಿ, ತೆಗೆದುಬಿಡಬೇಕು. ಚೀಲದ ಸಹವಾಸ ಇಲ್ಲ. ಹೆಚ್ಚಿನವರಿಗೆ ಇದೂ ಬೇಕಾಗುವುದಿಲ್ಲ. ಬೇಕಾದವರಿಗೆ, ಔಷಧದ ಪ್ರಭಾವ ಇಳಿದಂತೆ ಸಾಮಾನ್ಯವಾಗಿ ಸರಿಹೋಗುತ್ತದೆ. "ನಿಮಗೆ ಹಾಗಾಗಲ್ಲ ಬಿಡಿ" ಅನ್ನುವುದು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಭರವಸೆ ಯಾರೂ ಕೊಡಲಾರರು.

ನಾನು ಹೇಳಿದ್ದು ಇಷ್ಟು. ಸಹಿಗೆ ಮೊದಲು ನರ್ಸ್ ಹತ್ತಿರ ಹೋಗಿ, ಕ್ಯಾಥೆಟರ್ ಹಾಕುವುದನ್ನು ಕೈಯಾರೆ ಕಲಿಯಿರಿ. ಆಗಲೇ ಇಲ್ಲವೆಂದರೆ ಬೇಡ ಎನ್ನಿ. ನರಕ್ಕೆ ಸಣ್ಣಗೆ ಕರೆಂಟ್ ಕೊಡುವ ಚಿಕಿತ್ಸೆಯೂ ಇದೆ, ಡಾಕ್ಟರನ್ನು ಕೇಳಿ. ಉರಿಮೂತ್ರ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಗುಣ ಕಾಣಲು ಎರಡು ವಾರ ಹಿಡಿಯಬಹುದು, ಆರು ತಿಂಗಳ ಆಚೀಚೆ ಮತ್ತೆ ಬೇಕಾಗಬಹುದು. ಮೂತ್ರ ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ನೀರು ಮಾತ್ರ ಬಿಡಬೇಡಿ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸಬಹುದು.

ಹತ್ತು ದಿನ ಬಿಟ್ಟು ಬಂದರು. ಕ್ಯಾಥೆಟರ್ ಪೊಟ್ಟಣ ಮೇಜಿನ ಮೇಲಿಟ್ಟರು. "ಇಷ್ಟೇನಾ ಇದು? ಪೆನ್ನಿನ ರೀಫಿಲ್‌ಗಿಂತ ಒಂಚೂರು ದಪ್ಪ, ಅಷ್ಟೇ."

ಪತ್ರಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. ನಾನೂ ಕೇಳಲಿಲ್ಲ.