ಬಾತ್‌ರೂಮಿಗೆ ತಂದ ಸಿಲಿಕೋನ್ ಮೀನಿನ ಸಂಪ್‌ಗೆ ಹಚ್ಚಬಹುದಾ?

ಉಡುಪಿಯಲ್ಲಿ ಮನೆ, ಎರಡಡಿ ಮೀನಿನ ಟ್ಯಾಂಕಿಗೆ ಗಾಜಿನ ಸಂಪ್ ಫಿಲ್ಟರ್ (ಟ್ಯಾಂಕಿನ ನೀರು ಸೋಸುವ ಪೆಟ್ಟಿಗೆ) ನಾನೇ ಕಟ್ಟುತ್ತಿದ್ದೇನೆ, ಬಾತ್‌ರೂಮಿಗೆ ತಂದ ಸಿಲಿಕೋನ್ ಅಂಟು ಅರ್ಧ ಟ್ಯೂಬ್ ಉಳಿದಿದೆ, ವಿನೆಗರ್ ವಾಸನೆ ಬರುತ್ತದೆ, ಹಾಗಾದರೆ ಸೇಫ್ ಅಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಅದನ್ನು ಹಚ್ಚಬೇಡಿ.

ನಾನು ಸುರತ್ಕಲ್‌ನವನು. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ಮಳೆಗಾಲದಲ್ಲಿ ಫಿಲ್ಟರ್ ಪೆಟ್ಟಿಗೆಯ ಮೂಲೆ ಸೋರುತ್ತಿತ್ತು. ಮನೆಯಲ್ಲಿದ್ದ ಬಿಳಿ ಟ್ಯೂಬ್ ತೆಗೆದು ಹಚ್ಚಿದೆ, ಮರುದಿನ ಸಂಜೆಯೇ ನೀರು ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಸಣ್ಣ ಸೀಗಡಿಗಳೆಲ್ಲ ಪಾಚಿಯ ಮೇಲೆ ಅಡ್ಡ ಬಿದ್ದಿದ್ದವು. ಗಪ್ಪಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಆಮೇಲೆ ಟ್ಯೂಬ್ ತಿರುಗಿಸಿ ಓದಿದೆ. ಸಣ್ಣ ಅಕ್ಷರದಲ್ಲಿ 'ಆಂಟಿ ಫಂಗಲ್' ಅಂತಿತ್ತು.

ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಗೋಡೆ, ಕಪಾಟು, ಚಪ್ಪಲಿ ಎಲ್ಲಕ್ಕೂ ಬೂಸ್ಟು. ಹಾಗಾಗಿ ಅಂಗಡಿಯಲ್ಲಿ ಸಿಲಿಕೋನ್ ಕೇಳಿದರೆ ಬೂಸ್ಟು ಹಿಡಿಯದ ಟ್ಯೂಬನ್ನೇ ಮೊದಲು ತೋರಿಸುತ್ತಾರೆ. ಬಾತ್‌ರೂಮಿಗೆ ಅದು ಒಳ್ಳೆಯದೇ. ಆದರೆ ಬೂಸ್ಟನ್ನು ಕೊಲ್ಲಲು ಹಾಕಿದ ಮದ್ದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಅಂಟು ಪೂರ್ತಿ ಒಣಗಿದ ಮೇಲೂ ಅದು ಒಳಗೇ ಇರುತ್ತದೆ.

ವಾಸನೆಯ ಲೆಕ್ಕ ಇಲ್ಲೇ ಕೈಕೊಡುವುದು. ವಿನೆಗರ್ ವಾಸನೆ ಬಂದರೆ ಅದು ಅಸಿಟಾಕ್ಸಿ ಜಾತಿಯ ಸಿಲಿಕೋನ್, ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ ಅನ್ನುವುದು ನಿಜ. ಟ್ಯಾಂಕಿಗೆ ಬಳಸುವುದೂ ಹೆಚ್ಚಾಗಿ ಅದೇ ಜಾತಿ. ಆದರೆ ಬೂಸ್ಟಿನ ಮದ್ದು ಸೇರಿಸಿದ ಸಿಲಿಕೋನಲ್ಲೂ ಇದೇ ವಾಸನೆ ಇರಬಹುದು. ಮೂಗನ್ನು ನಂಬಬೇಡಿ, ಲೇಬಲ್ ಓದಿ. 'ಅಕ್ವೇರಿಯಂ' ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತನ್ನಿ. 'ಸ್ಯಾನಿಟರಿ', 'ಬಾತ್ ಅಂಡ್ ಕಿಚನ್', 'ಮೋಲ್ಡ್ ರೆಸಿಸ್ಟೆಂಟ್' ಅಂತಿದ್ದರೆ ಅಲ್ಲೇ ಬಿಡಿ. ವಿನೆಗರ್ ವಾಸನೆ ಬಾರದ ನ್ಯೂಟ್ರಲ್ ಕ್ಯೂರ್ ಟ್ಯೂಬಿಗೂ ಇದೇ ಮಾತು.

ಗಾಜಿಗೆ ಗಾಜು ಅಂಟಿಸಲು ಸಿಲಿಕೋನಿನಷ್ಟು ಒಳ್ಳೆಯದು ಬೇರೆ ಇಲ್ಲ. ಅಕ್ರಿಲಿಕ್ ಮೇಲೆ ಅದು ಗಟ್ಟಿಯಾಗಿ ಕೂರುವುದಿಲ್ಲ, ಅದಕ್ಕೆ ಅದರದೇ ಸಾಲ್ವೆಂಟ್ ಸಿಮೆಂಟ್ ಬೇಕು. ಪಿವಿಸಿ ಪೈಪಿಗೆ ಪಿವಿಸಿಯದು, ತಿರುಪಿನ ಜಾಗಕ್ಕೆ ಟೆಫ್ಲಾನ್ ಟೇಪ್. ಹಿತ್ತಾಳೆಯ ಫಿಟ್ಟಿಂಗ್ ಮಾತ್ರ ಬೇಡ. ಅದರಲ್ಲಿರುವ ತಾಮ್ರ ಸೀಗಡಿಗೆ ವಿಷ.

ಹಳೆಯ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಆರಲು ಬಿಡಿ. ಈ ಸೆಕೆಗೆ ಗಾಜಿನ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ, ಅದರಿಂದಲೂ ಸೋರಬಹುದು. ಆದರೆ ಗಾಳಿಯ ತೇವಕ್ಕೆ ಹೆದರಬೇಡಿ. ಸಿಲಿಕೋನ್ ಗಟ್ಟಿಯಾಗುವುದೇ ಆ ತೇವವನ್ನು ಹೀರಿಕೊಂಡು.

ಅದು ಹೊರಗಿನಿಂದ ಒಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ದಿನಕ್ಕೆ ಸುಮಾರು 2-3 ಮಿಲಿಮೀಟರ್. ಮೇಲೆ ಮುಟ್ಟಿದರೆ ರಬ್ಬರಿನಂತಿದ್ದರೂ ಒಳಗೆ ಹಸಿ ಇರುತ್ತದೆ. ನಾನು ಈಗ ಟ್ಯಾಂಕಿಗೆ ಹಚ್ಚುವಾಗಲೇ ಅಷ್ಟೇ ದಪ್ಪದ ಒಂದು ಗೆರೆಯನ್ನು ಗಾಜಿನ ತುಂಡಿನ ಮೇಲೂ ಎಳೆದಿಡುತ್ತೇನೆ. ನಾಲ್ಕನೇ ದಿನ ಅದನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಮೂಗಿನ ಹತ್ತಿರ ಹಿಡಿಯುತ್ತೇನೆ. ನಡುವೆ ಅಂಟು ಅಂಟಾಗಿದ್ದರೆ, ಹುಳಿ ವಾಸನೆ ಇದ್ದರೆ ಇನ್ನೂ ಕಾಯುತ್ತೇನೆ. ನಮ್ಮ ಕಡೆಯ ಕೆಂಪುಕಲ್ಲಿನ ಬಾವಿಯ ನೀರು ಮೆದು, ಸ್ವಲ್ಪ ಆಸಿಡ್ ಬಿದ್ದರೂ ಪಿಎಚ್ ಬೇಗ ಇಳಿದು ನೀರು ಹುಳಿಯಾಗುತ್ತದೆ. ನೀವು ಪೂರ್ತಿ ಒಂದು ವಾರ ಬಿಡಿ. ಆಮೇಲೆ ನೀರು ತುಂಬಿ, ಕೆಳಗೆ ಹಳೆಯ ಪೇಪರ್ ಹಾಸಿ ಎರಡು ದಿನ ಇಡಿ. ಪೇಪರ್ ಒಣಗಿಯೇ ಇದ್ದರೆ ಆ ನೀರು ಚೆಲ್ಲಿ, ಹೊಸ ನೀರು ತುಂಬಿ ಪಂಪ್ ಹಾಕಿ.