ದಾವಣಗೆರೆಯ ಹೈಸ್ಕೂಲಿನಲ್ಲಿ 8ನೇ ತರಗತಿಗೆ ಸೇರಿಸುವಾಗ ಯಾವ ವಿಷಯ ಆರಿಸಿಕೊಳ್ಳಬಹುದು?

ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಕಡ್ಡಾಯ. ಆಯ್ಕೆ ಇರುವುದು ಭಾಷೆಗಳಲ್ಲಿ. ಮೊದಲ, ಎರಡನೇ, ಮೂರನೇ ಭಾಷೆಯಾಗಿ ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್, ಹಿಂದಿ. ಕೆಲವು ಶಾಲೆಗಳಲ್ಲಿ ಸಂಸ್ಕೃತ, ಇಂಗ್ಲಿಷ್, ಕನ್ನಡ.

ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಗೆ 125 ಅಂಕ (ಲಿಖಿತ 100, ಆಂತರಿಕ 25), ಗಣಿತ, ವಿಜ್ಞಾನದಂಥವಕ್ಕೆ ತಲಾ 100 (ಲಿಖಿತ 80, ಆಂತರಿಕ 20). ಅದಕ್ಕೇ ಅನೇಕರು ಅಂಕದಾಸೆಗೆ ಸಂಸ್ಕೃತವನ್ನು ಮೊದಲ ಭಾಷೆಯಾಗಿ ಹಿಡಿಯುತ್ತಾರೆ. ತೊಂದರೆ ಆಗುವುದು ನಡುವೆ ಶಾಲೆ ಬದಲಿಸಿದಾಗ. ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗೆ ವರ್ಗವಾದರೆ ಅಲ್ಲಿ ಸಂಸ್ಕೃತದ ಮೇಷ್ಟ್ರು ಇಲ್ಲದೇ ಇರಬಹುದು. ಆಗ 10ನೇ ತರಗತಿಯಲ್ಲಿ ಹಳಗನ್ನಡ ಪದ್ಯ, ಛಂದಸ್ಸು, ಅಲಂಕಾರ ಸಮೇತ ಕನ್ನಡವನ್ನು ಮೊದಲ ಭಾಷೆಯಾಗಿ ಹೊಸದಾಗಿ ಓದುವುದು ಮಗುವಿಗೆ ನಿಜಕ್ಕೂ ಕಷ್ಟ. ವರ್ಗಾವಣೆಯ ನೌಕರಿ ಇರುವವರು ಕನ್ನಡವನ್ನೇ ಮೊದಲ ಭಾಷೆ ಮಾಡಿಸಿ.

ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯಿಂದ ಮೂರನೇ ಭಾಷೆಯ ಬದಲು ಐಟಿ, ರೀಟೇಲ್, ಆಟೊಮೊಬೈಲ್‌ನಂಥ ಎನ್‌ಎಸ್‌ಕ್ಯೂಎಫ್ (ವೃತ್ತಿ ಕೌಶಲ ಕಲಿಸುವ) ವಿಷಯ ಸಿಗುತ್ತದೆ. ಸೇರಿಸುವ ಮೊದಲೇ ಮುಖ್ಯೋಪಾಧ್ಯಾಯರನ್ನು ಕೇಳಿ. ಪಿಸಿಎಂಬಿಯೋ ಕಾಮರ್ಸೋ ಎಂಬುದು ಪಿಯುಸಿಯ ಮಾತು, ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

10ನೇ ತರಗತಿಯ ಪರೀಕ್ಷೆ ನೋಂದಣಿ ವೇಳೆ ಭಾಷೆಗಳು, ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಎಲ್ಲವನ್ನೂ ನೀವೇ ನೋಡಿ. ಪ್ರವೇಶಪತ್ರ ಬಂದ ಮೇಲೆ ತಿದ್ದಿಸಲು ಹೋದರೆ ಓದುವ ಹೊತ್ತಿನಲ್ಲಿ ಓಡಾಟ.